ಸೀಸದ ಸಿಪಾಯಿಗಳ ಬಿಳಿ ಪುಡಿ, ಪ್ಲಾಸ್ಟಿಕ್ ಸೈನಿಕರ ಮುಚ್ಚಿಹೋದ ಮುಖ

ಪ್ರಶ್ನೆ: ಒಂದು ವರ್ಷದಿಂದ ವಾರ್‌ಗೇಮ್ ಮಿನಿಯೇಚರ್‌ಗಳನ್ನು, ಎಂದರೆ ಮೇಜಿನ ಮೇಲೆ ಯುದ್ಧದ ಆಟವಾಡುವ ಪುಟ್ಟ ಗೊಂಬೆಗಳನ್ನು, ಕೊಂಡು ಜೋಡಿಸುವ ಹವ್ಯಾಸ ಹಿಡಿದಿದೆ. 28 ಮಿ.ಮೀ. ಅಳತೆಯ ಪ್ಲಾಸ್ಟಿಕ್ ಸೈನಿಕರ ಮೂರು ಪೆಟ್ಟಿಗೆಗಳಿವೆ. ಅವುಗಳಲ್ಲಿ ಒಂದನ್ನು ಮಾತ್ರ ತೆರೆದು ಏಳು ಸೈನಿಕರನ್ನು ಜೋಡಿಸಿ ಬಣ್ಣ ಹಚ್ಚಿದ್ದೇನೆ. ಸೂಪರ್‌ಗ್ಲೂ ಹಾಕಿದ ತೋಳುಗಳು ಕಳಚಿ ಬೀಳುತ್ತವೆ, ಕೀಲಿನ ಸುತ್ತ ಬಿಳಿ ಮಂಜಿನಂತೆ ಕಟ್ಟಿಕೊಂಡಿದೆ, ಬಣ್ಣದ ಕೆಳಗೆ ಕಣ್ಣು ಮೂಗು ಮುಚ್ಚಿಹೋಗಿವೆ. ಈ ನಡುವೆ ನಮ್ಮ ದೊಡ್ಡಪ್ಪನವರ ಮರದ ಪೆಟ್ಟಿಗೆಯಲ್ಲಿ ಹನ್ನೆರಡು ಹಳೆಯ ಸೀಸದ ಸಿಪಾಯಿಗಳು ಸಿಕ್ಕಿದವು. ಮೈಮೇಲೆಲ್ಲ ಬಿಳಿ ಪುಡಿ ಎದ್ದಿದೆ. ಉಜ್ಜಿ, ಹೊಸ ಬಣ್ಣ ಹಚ್ಚಿ ಅವರನ್ನೂ ನನ್ನ ಸೈನ್ಯಕ್ಕೆ ಸೇರಿಸಿಕೊಳ್ಳಬಹುದೇ? ಪ್ಲಾಸ್ಟಿಕ್ಕಿನ ಕೆಲಸದಲ್ಲಿ ನಾನು ಎಲ್ಲಿ ತಪ್ಪುತ್ತಿದ್ದೇನೆ? ಗೆಳೆಯರು 3ಡಿ ಪ್ರಿಂಟರ್ ಕೊಂಡುಬಿಡು ಎನ್ನುತ್ತಾರೆ. ಕೊಳ್ಳಲೇ?

ಉತ್ತರ: ಬಿಳಿ ಪುಡಿಯ ಸಂಗತಿ ನಿಮ್ಮ ಪತ್ರದಲ್ಲಿ ಮಾತಿನ ನಡುವೆ ಬಂದು ಹೋಗಿದೆ, ಮೊದಲು ಉತ್ತರಿಸಬೇಕಾದದ್ದು ಅದಕ್ಕೇ. ಆ ಸಿಪಾಯಿಗಳನ್ನು ಉಜ್ಜಬೇಡಿ, ಊದಬೇಡಿ, ಒಣ ಬ್ರಶ್ಶಿನಿಂದ ಗುಡಿಸಲೂ ಬೇಡಿ. ಅದು ಧೂಳಲ್ಲ, ಬೂಷ್ಟೂ ಅಲ್ಲ. ಸೀಸದ ಮೇಲ್ಮೈಯೇ ಸವೆದು ಸೀಸದ ಕಾರ್ಬೊನೇಟ್ ಆಗಿ ಎದ್ದಿರುವ ಪುಡಿ, ಉಸಿರಿನೊಂದಿಗೆ ಹೋದರೂ ಬೆರಳಿನಿಂದ ಬಾಯಿಗೆ ಹೋದರೂ ವಿಷ. ಕೈಗವಸು ಹಾಕಿಕೊಂಡು, ಕೆಳಗೆ ಹಳೆಯ ಪತ್ರಿಕೆ ಹಾಸಿ, ಒದ್ದೆ ಮಾಡಿ ಹಿಂಡಿದ ಹತ್ತಿಬಟ್ಟೆಯಿಂದ ಪುಡಿಯನ್ನು ಒತ್ತಿ ಒತ್ತಿ ತೆಗೆಯಿರಿ. ಬಟ್ಟೆಯನ್ನೂ ಪತ್ರಿಕೆಯನ್ನೂ ಚೀಲಕ್ಕೆ ಹಾಕಿ ಕಟ್ಟಿ ಎಸೆದು ಕೈಯನ್ನು ಸೋಪಿನಿಂದ ತೊಳೆಯಿರಿ. ಅಡುಗೆ ಮಾಡುವ, ಊಟ ಮಾಡುವ ಜಾಗದಲ್ಲಿ ಈ ಕೆಲಸ ಬೇಡ. ಮನೆಯಲ್ಲಿ ಮಕ್ಕಳಿದ್ದರೆ ಅವರ ಕೈಗೆ ಈ ಸಿಪಾಯಿಗಳು ಸಿಗಲೇಬಾರದು.

ಪುಡಿ ಏಕೆ ಎದ್ದಿತು ಎಂಬುದು ಗೊತ್ತಾದರೆ ಮುಂದೆ ಅವರನ್ನು ಎಲ್ಲಿ ಇಡಬೇಕು ಎಂಬುದೂ ತಾನಾಗಿಯೇ ಗೊತ್ತಾಗುತ್ತದೆ. ಮರ, ಅದರಲ್ಲೂ ಓಕ್ ಮತ್ತು ಮರದ ನಾರನ್ನು ಒತ್ತಿ ಮಾಡಿದ ಎಂಡಿಎಫ್ ಹಲಗೆ, ಹಾಗೆಯೇ ಅಗ್ಗದ ರಟ್ಟು, ವರ್ಷಗಟ್ಟಲೆ ಅಸಿಟಿಕ್ ಆಮ್ಲದ ಆವಿಯನ್ನು ಸಣ್ಣಗೆ ಬಿಡುತ್ತಲೇ ಇರುತ್ತವೆ. ಮುಚ್ಚಿದ ಪೆಟ್ಟಿಗೆಯಲ್ಲಿ ಆ ಆವಿಗೆ ಹೊರಗೆ ಹೋಗಲು ದಾರಿಯಿಲ್ಲ. ಅದು ಸೀಸವನ್ನು ಮುಟ್ಟಿ ಅಸಿಟೇಟ್ ಆಗುತ್ತದೆ, ಗಾಳಿಯ ಇಂಗಾಲದ ಡೈಆಕ್ಸೈಡ್ ಅದನ್ನು ಕಾರ್ಬೊನೇಟ್ ಮಾಡುತ್ತದೆ, ಆಮ್ಲ ಮತ್ತೆ ಬಿಡುಗಡೆಯಾಗಿ ಪಕ್ಕದ ಸೀಸವನ್ನು ಹಿಡಿಯುತ್ತದೆ. ಹಿಂದಿನ ಕಾಲದಲ್ಲಿ ಬಿಳಿ ಬಣ್ಣದ ಪುಡಿ ತಯಾರಿಸುತ್ತಿದ್ದವರು ಬೇಕೆಂದೇ ಇದನ್ನು ಮಾಡುತ್ತಿದ್ದರು: ಸೀಸದ ಸುರುಳಿಗಳನ್ನು ವಿನೆಗರ್ ಇದ್ದ ಗಡಿಗೆಗಳಲ್ಲಿಟ್ಟು, ಸುತ್ತ ಗೊಬ್ಬರ ಒಟ್ಟಿ, ತಿಂಗಳುಗಟ್ಟಲೆ ಬಿಟ್ಟು, ಆಮೇಲೆ ಬಿಳಿ ಪುಡಿಯನ್ನು ಕೆರೆದುಕೊಳ್ಳುತ್ತಿದ್ದರು. ನಿಮ್ಮ ದೊಡ್ಡಪ್ಪನವರ ಪೆಟ್ಟಿಗೆ ಅದೇ ಕಾರ್ಖಾನೆಯನ್ನು ಬಹಳ ನಿಧಾನವಾಗಿ ನಡೆಸಿದೆ. ಕೆಲವರು ಇದನ್ನು ‘ತವರದ ರೋಗ’ ಎಂದು ಹೇಳಿ ಹೆದರಿಸುತ್ತಾರೆ, ಅದು ಬೇರೆ. ಶುದ್ಧ ತವರ 13.2 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ದೀರ್ಘಕಾಲ ಇದ್ದಾಗ ಬೂದು ಪುಡಿಯಾಗಬಲ್ಲದು, ಆದರೆ ಸೀಸ ಬೆರೆತ ಸಿಪಾಯಿಗಳಲ್ಲಿ ಅದು ತೀರ ಅಪರೂಪ. ಹಾಗಾಗಿ ನಿಮ್ಮವರನ್ನು ಬೆಚ್ಚಗಿಡುವ ಅಗತ್ಯವಿಲ್ಲ, ಮರದಿಂದ ದೂರ ಇಟ್ಟರೆ ಸಾಕು. ಗಾಜು ಮತ್ತು ಲೋಹದ ಕಪಾಟು ಉತ್ತಮ. ಇಲ್ಲವಾದರೆ ಪಾಲಿಪ್ರೊಪಿಲೀನ್ ಡಬ್ಬಿ, ಒಳಗೆ ಒಂದೆರಡು ಸಿಲಿಕಾ ಜೆಲ್ ಪೊಟ್ಟಣ, ಆಗಾಗ ಮುಚ್ಚಳ ತೆರೆದು ಗಾಳಿ.

ಇನ್ನು ಅವರಿಗೆ ಹೊಸ ಬಣ್ಣ ಹಚ್ಚುವ ವಿಚಾರ. ದಯವಿಟ್ಟು ಹಚ್ಚಬೇಡಿ. ಮೊದಲು ಒಬ್ಬನನ್ನು ಕೈಗವಸಿನ ಬೆರಳಿನಲ್ಲಿ ಎತ್ತಿ ತೂಕ ನೋಡಿ. ನೋಟಕ್ಕಿಂತ ಹಗುರ ಎನ್ನಿಸಿದರೆ, ತಲೆಯಲ್ಲೋ ಪಾದದಲ್ಲೋ ಸೂಜಿ ಹೋಗುವಷ್ಟು ರಂಧ್ರ ಕಂಡರೆ, ಅದು ಒಳಗೆ ಟೊಳ್ಳಾದ ಎರಕ. ಕಾದ ಲೋಹವನ್ನು ಅಚ್ಚಿಗೆ ಸುರಿದು, ಗೋಡೆಗೆ ತಾಗಿದ ಪದರ ಗಟ್ಟಿಯಾಗುತ್ತಿದ್ದಂತೆ ಉಳಿದದ್ದನ್ನು ಹೊರಗೆ ಚೆಲ್ಲುವ ಈ ವಿಧಾನವನ್ನು ಇಂಗ್ಲೆಂಡಿನ ವಿಲಿಯಂ ಬ್ರಿಟನ್ ಕುಟುಂಬ 1893ರಲ್ಲಿ ಆಟಿಕೆ ಸೈನಿಕರಿಗೆ ತಂದಿತು. ಸೀಸದ ಖರ್ಚು ಇಳಿದು ಸೈನಿಕರು ಅಗ್ಗವಾದರು. ಆ ಸಂಸ್ಥೆ ಸೀಸದ ಸೈನಿಕರ ತಯಾರಿಕೆಯನ್ನು 1966ರಲ್ಲಿ ನಿಲ್ಲಿಸಿತು. ಆದ್ದರಿಂದ ತಳದ ಅಡಿಯಲ್ಲಿರುವ ಅಕ್ಷರಗಳನ್ನು ಭೂತಗನ್ನಡಿಯಲ್ಲಿ ಓದಿ ನೋಡಿ. ಹೆಸರು ಸಿಕ್ಕರೆ ಕಾಲವೂ ಅಂದಾಜಿಗೆ ಸಿಗುತ್ತದೆ. ಸಂಗ್ರಾಹಕರು ಇಂಥವುಗಳಲ್ಲಿ ಮೊದಲು ನೋಡುವುದು ಮೂಲ ಬಣ್ಣ ಉಳಿದಿದೆಯೇ ಎಂದು, ಆಮೇಲೆ ಮೂಲ ಪೆಟ್ಟಿಗೆ ಇದೆಯೇ ಎಂದು. ಚಕ್ಕೆ ಎದ್ದ ಹಳೆಯ ಕೆಂಪು ಕೋಟು ಹೊಳೆಯುವ ಹೊಸ ಕೆಂಪು ಕೋಟಿಗಿಂತ ಮೇಲು.

ಅವರನ್ನು ನಿಮ್ಮ ಸೈನ್ಯಕ್ಕೆ ಸೇರಿಸಿಕೊಳ್ಳಲು ಇನ್ನೊಂದು ಅಡ್ಡಿಯೂ ಇದೆ, ಅಳತೆ. ಆ ಕಾಲದ ಆಟಿಕೆ ಸೈನಿಕರ ರೂಢಿಯ ಎತ್ತರ 54 ಮಿ.ಮೀ., ನಿಮ್ಮ ಪ್ಲಾಸ್ಟಿಕ್ ಸೈನಿಕರದು 28. ಪಕ್ಕಪಕ್ಕ ನಿಂತರೆ ಅಪ್ಪ ಮತ್ತು ಕೂಸು. ಅಳತೆಯ ಲೆಕ್ಕವನ್ನು ಒಮ್ಮೆ ಸರಿಯಾಗಿ ಮನಸ್ಸಿಗೆ ತಂದುಕೊಂಡರೆ ಮುಂದಿನ ಎಷ್ಟೋ ತಪ್ಪು ಖರೀದಿಗಳು ತಪ್ಪುತ್ತವೆ. ಮಿ.ಮೀ. ಲೆಕ್ಕದಲ್ಲಿ ಹೇಳುವಾಗ ಹೆಚ್ಚಿನ ತಯಾರಕರು ಅಂಗಾಲಿನಿಂದ ಕಣ್ಣಿನವರೆಗೆ ಅಳೆಯುತ್ತಾರೆ, ಕೆಲವರು ನೆತ್ತಿಯವರೆಗೆ. 54 ಎಂದರೆ ನಿಜದ ಗಾತ್ರದ ಸುಮಾರು 1/32, 28 ಎಂದರೆ ಸುಮಾರು 1/56, 20 ಎಂದರೆ 1/72ರ ಆಸುಪಾಸು, 15 ಎಂದರೆ 1/100, 6 ಎಂದರೆ 1/285 ಅಥವಾ 1/300. ಇದರ ಅರ್ಥ ಕಣ್ಣಿಗೆ ಕಾಣಬೇಕಾದರೆ ಎರಡನೆಯ ಮಹಾಯುದ್ಧದ ಟೈಗರ್ ಟ್ಯಾಂಕನ್ನು ತೆಗೆದುಕೊಳ್ಳಿ: ಮುಂದೆ ಚಾಚಿದ ತೋಪನ್ನೂ ಸೇರಿಸಿ ಅದರ ಉದ್ದ 8.45 ಮೀಟರ್. 1/56ರಲ್ಲಿ ಅದು 15 ಸೆಂ.ಮೀ., 1/72ರಲ್ಲಿ 12 ಸೆಂ.ಮೀ.ಗೆ ಸ್ವಲ್ಪ ಕಡಿಮೆ, 1/100ರಲ್ಲಿ ಎಂಟೂವರೆ. ಪ್ರದರ್ಶನದ ಮಾಡೆಲ್‌ಗಳಲ್ಲಿ ಬಹುವಾಗಿ ಸಿಗುವ 1/35ರಲ್ಲಿ 24 ಸೆಂ.ಮೀ. ದಾಟುತ್ತದೆ, ಚೆಂದವಾಗಿದೆ ಎಂದು ಕೊಂಡು ತಂದರೆ ನಿಮ್ಮ ಸೈನಿಕರು ಅದರ ಚಕ್ರದ ಪಕ್ಕ ಮಕ್ಕಳಂತೆ ನಿಲ್ಲುತ್ತಾರೆ.

ಅಳತೆ ಒಂದೇ ಆದರೂ ಹೊಂದಿಕೆಯಾಗದ ಸಂದರ್ಭಗಳಿವೆ. 1970ರ ದಶಕದಲ್ಲಿ 25 ಮಿ.ಮೀ. ರೂಢಿಯಲ್ಲಿತ್ತು; ತಯಾರಕರು ಒಬ್ಬರಿಗಿಂತ ಒಬ್ಬರು ಸ್ವಲ್ಪ ಸ್ವಲ್ಪ ಬೆಳೆಸುತ್ತಾ ಹೋಗಿ 28 ಆಯಿತು, ಕೆಲವರದು ಈಗ 32ನ್ನೂ ಮುಟ್ಟಿದೆ. ಜೊತೆಗೆ ‘ಹೀರೋಯಿಕ್’ ಎನ್ನುವ ಮೈಕಟ್ಟಿನಲ್ಲಿ ತಲೆ, ಕೈ, ಆಯುಧಗಳನ್ನು ಬೇಕೆಂದೇ ದಪ್ಪ ಮಾಡಿರುತ್ತಾರೆ. ಮೂರಡಿ ದೂರದಿಂದಲೂ ಕಾಣಲಿ, ಎರಕದಲ್ಲಿ ಈಟಿ ಮುರಿಯದಿರಲಿ ಎಂಬುದು ಉದ್ದೇಶ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನ ಗೇಮ್ಸ್ ವರ್ಕ್‌ಷಾಪ್‌ನ ಗೊಂಬೆಗಳು ಈ ದಪ್ಪ ಮೈಕಟ್ಟಿಗೆ ಹೆಸರಾದವು. ಮಿನಿಯೇಚರ್ ಶಿಲ್ಪಿಗಳಾದ ಪೆರ್ರಿ ಸಹೋದರರ ಐತಿಹಾಸಿಕ ಸೈನಿಕರು ನಿಜವಾದ ದೇಹದ ಪ್ರಮಾಣಕ್ಕೆ ಹತ್ತಿರ. ಎರಡನ್ನೂ ಒಂದೇ ದಳದಲ್ಲಿ ನಿಲ್ಲಿಸಿದರೆ ಒಬ್ಬ ಪೈಲ್ವಾನ, ಇನ್ನೊಬ್ಬ ಗುಮಾಸ್ತ. ಬೇರೆ ಬೇರೆ ದಳಗಳಲ್ಲಿಟ್ಟು ನಡುವೆ ಒಂದು ಗೇಣು ಅಂತರ ಬಿಟ್ಟರೆ ಯಾರೂ ಗಮನಿಸುವುದಿಲ್ಲ. ಅಳತೆಯ ನಿಖರತೆಗಾಗಿ ಜಗಳವಾಡುವವರಿಗೆ ನಾನು ಒಂದು ಲೆಕ್ಕ ಹೇಳುವುದುಂಟು: ರೈಫಲ್ಲಿನ 300 ಮೀಟರ್ ಗುಂಡಿನ ದೂರ 1/56ರಲ್ಲಿ ಐದು ಮೀಟರ್ ಮೂವತ್ತು ಸೆಂ.ಮೀ. ದಾಟುತ್ತದೆ, ಆಡುವ ಮೇಜೋ ಸಾಮಾನ್ಯವಾಗಿ ಆರು ಅಡಿ ಉದ್ದ, ನಾಲ್ಕು ಅಡಿ ಅಗಲ. ನೆಲವನ್ನು ಆಟದ ನಿಯಮಗಳೇ ಇಷ್ಟು ಕುಗ್ಗಿಸಿರುವಾಗ ಸೈನಿಕನ ಟೋಪಿ ಒಂದು ಮಿ.ಮೀ. ಹೆಚ್ಚಾಯಿತೆಂದು ನಿದ್ದೆಗೆಡಬೇಕಾಗಿಲ್ಲ.

ಈಗ ನಿಮ್ಮ ಕಳಚುವ ತೋಳಿಗೆ ಬರೋಣ. ತಪ್ಪು ನಿಮ್ಮ ಕೈಯದಲ್ಲ, ಅಂಟಿನದು. ಸ್ಪ್ರೂ ಎಂದು ಕರೆಯುವ ಚೌಕಟ್ಟಿನಲ್ಲಿ ಬರುವ ಗಟ್ಟಿ ಪ್ಲಾಸ್ಟಿಕ್ ಪಾಲಿಸ್ಟೈರೀನ್. ಅದಕ್ಕೆ ಬೇಕಾದದ್ದು ಪ್ಲಾಸ್ಟಿಕ್ ಸಿಮೆಂಟ್. ಹೆಸರಿಗೆ ಸಿಮೆಂಟ್ ಆದರೂ ಅದು ಅಂಟೇ ಅಲ್ಲ, ದ್ರಾವಕ. ಎರಡು ತುಂಡುಗಳ ಅಂಚನ್ನು ಕರಗಿಸಿ ಒಂದರೊಳಗೊಂದು ಬೆರೆಸಿ, ತಾನು ಆವಿಯಾಗಿ ಹೋಗುತ್ತದೆ, ಉಳಿಯುವುದು ಬೆಸುಗೆ. ಇದೇ ದ್ರಾವಕ ರೆಸಿನ್ (ದ್ರವವಾಗಿದ್ದು ಗಟ್ಟಿಯಾಗುವ ಇನ್ನೊಂದು ಬಗೆಯ ಪ್ಲಾಸ್ಟಿಕ್) ಮೇಲೆ, ಲೋಹದ ಮೇಲೆ, ಬಾಗುವ ಮೆತ್ತನೆಯ ಪಿವಿಸಿ ಗೊಂಬೆಗಳ ಮೇಲೆ ಏನನ್ನೂ ಮಾಡದು. ಅಲ್ಲಿ ಸೂಪರ್‌ಗ್ಲೂ ಬೇಕು. ಸೂಪರ್‌ಗ್ಲೂ, ಎಂದರೆ ಸಯನೋಅಕ್ರಿಲೇಟ್, ಗಾಳಿಯ ಮತ್ತು ಮೇಲ್ಮೈಯ ತೇವದಿಂದ ಗಟ್ಟಿಯಾಗುವಂಥದ್ದು. ಎಳೆತವನ್ನು ತಡೆಯುತ್ತದೆ, ಪೆಟ್ಟನ್ನು ತಡೆಯುವುದಿಲ್ಲ. ಮೇಜಿನಿಂದ ಬಿದ್ದ ಸೈನಿಕನ ತೋಳು ಗಾಜಿನಂತೆ ಚಟ್ ಎಂದು ಬಿಟ್ಟುಕೊಳ್ಳುವುದು ಅದಕ್ಕೇ. ಇದರ ಹುಟ್ಟೂ ಯುದ್ಧದ್ದೇ: ಹ್ಯಾರಿ ಕೂವರ್ ಎಂಬ ಅಮೆರಿಕನ್ ರಸಾಯನವಿಜ್ಞಾನಿಯ ತಂಡ 1942ರಲ್ಲಿ ಬಂದೂಕಿನ ಗುರಿದರ್ಶಕಕ್ಕೆ ಪಾರದರ್ಶಕ ಪ್ಲಾಸ್ಟಿಕ್ ಹುಡುಕುವಾಗ ಇದು ಕೈಗೆ ಸಿಕ್ಕಿತು, ಮುಟ್ಟಿದ್ದಕ್ಕೆಲ್ಲ ಅಂಟುತ್ತದೆ ಎಂದು ಬದಿಗಿಟ್ಟರು, ಅಂಟಾಗಿ ಮಾರುಕಟ್ಟೆಗೆ ಬಂದದ್ದು 1958ರಲ್ಲಿ.

ಕೀಲಿನ ಸುತ್ತಲಿನ ಬಿಳಿ ಮಂಜೂ ಸೂಪರ್‌ಗ್ಲೂವಿನದೇ. ಹೆಚ್ಚಾಗಿ ಹಾಕಿದ ಅಂಟಿನ ಆವಿ ಅಕ್ಕಪಕ್ಕದಲ್ಲಿ ಕುಳಿತು ಗಟ್ಟಿಯಾಗಿದೆ, ಅಷ್ಟೇ. ಬಣ್ಣ ಹಿಡಿಯಲೆಂದು ಮೊದಲು ಹಚ್ಚುವ ಪದರ, ಎಂದರೆ ಪ್ರೈಮರ್, ಬಿದ್ದರೆ ಮಾಯವಾಗುತ್ತದೆ. ವಿಮಾನದ ಗಾಜಿನಂಥ ಪಾರದರ್ಶಕ ಭಾಗಗಳಿಗೆ ಮಾತ್ರ ಸೂಪರ್‌ಗ್ಲೂ ತಾಗಿಸಬೇಡಿ. ಮರಗೆಲಸದ ಬಿಳಿ ಪಿವಿಎ ಅಂಟು ಸಾಕು, ಅದು ಒಣಗಿದ ಮೇಲೆ ಕಾಣುವುದೇ ಇಲ್ಲ.

ಒಂದು ತೋಳನ್ನು ಸರಿಯಾಗಿ ಕೂರಿಸುವುದು ಹೇಗೆ ಎಂದು ಹತ್ತಿರದಿಂದ ನೋಡೋಣ, ಏಕೆಂದರೆ ಇಡೀ ಕಲೆ ಅದರಲ್ಲೇ ಇದೆ. ಬಂದೂಕು ಹಿಡಿದ ಬಲತೋಳನ್ನು ಚೌಕಟ್ಟಿನಿಂದ ತಿರುಚಿ ಕೀಳಬೇಡಿ. ಒಂದು ಬದಿ ಚಪ್ಪಟೆಯಾಗಿರುವ ಸಣ್ಣ ಕಟರ್‌ನಿಂದ ಮೊದಲು ತೋಳಿನಿಂದ ಎರಡು ಮಿ.ಮೀ. ದೂರದಲ್ಲಿ ಕತ್ತರಿಸಿ, ತುಂಡು ಕೈಗೆ ಬಂದ ಮೇಲೆ ಉಳಿದ ಮೊಟಕನ್ನು ಚಪ್ಪಟೆ ಬದಿಯಿಂದ ಸವರಿ. ಈಗ ತೋಳನ್ನು ದೀಪದ ಕೆಳಗೆ ತಿರುಗಿಸಿದರೆ ಭುಜದಿಂದ ಮಣಿಕಟ್ಟಿನವರೆಗೆ ಕೂದಲೆಳೆಯಂಥ ಏಣು ಕಾಣುತ್ತದೆ. ಅಚ್ಚಿನ ಎರಡು ಭಾಗಗಳು ಕೂಡಿದ ಗೆರೆ ಅದು. ಚಾಕುವಿನ ಅಲಗನ್ನಲ್ಲ, ಅಲಗಿನ ಬೆನ್ನನ್ನು ಅದರ ಮೇಲೆ ಹಗುರವಾಗಿ ಎಳೆಯಿರಿ. ಕ್ಯಾರೆಟ್ ಹೆರೆದಂತೆ ಸಣ್ಣ ಎಳೆಗಳು ಬರುತ್ತವೆ, ಗೆರೆ ಹೋಗುತ್ತದೆ. ಈ ಗೆರೆಯನ್ನು ಬಿಟ್ಟರೆ ಈಗ ಕಾಣಿಸದು, ಕೊನೆಯಲ್ಲಿ ಡ್ರೈಬ್ರಶ್ ಮಾಡಿದಾಗ, ಎಂದರೆ ಬಣ್ಣ ಬಹುಪಾಲು ಒರೆಸಿದ ಬ್ರಶ್ಶನ್ನು ಉಬ್ಬುಗಳ ಮೇಲೆ ಸವರಿದಾಗ, ಸೈನಿಕನ ಕೆನ್ನೆಗೆ ಗಾಯದ ಗುರುತಿನಂತೆ ಎದ್ದು ನಿಲ್ಲುತ್ತದೆ. ಆಮೇಲೆ ಅಂಟಿಲ್ಲದೆ ಒಮ್ಮೆ ತೋಳನ್ನು ಭುಜದ ಕುಳಿಯಲ್ಲಿ ಇಟ್ಟು ನೋಡಿ: ಎಡಗೈ ಬಂದೂಕಿನ ಕೆಳಗೆ ಸಿಗುತ್ತದೆಯೇ, ಕೆನ್ನೆ ಹಿಡಿಗೆ ತಾಗುತ್ತದೆಯೇ? ಸಿಗದಿದ್ದರೆ ಮೊದಲು ಎಡ, ಬಲ ತೋಳು ಎರಡನ್ನೂ ಬಂದೂಕಿನೊಂದಿಗೆ ಹೊಂದಿಸಿ ಬೆಸೆದು, ಸಿಮೆಂಟು ಇನ್ನೂ ಮೆತ್ತಗಿರುವಾಗಲೇ ಎರಡನ್ನೂ ಒಟ್ಟಿಗೆ ಭುಜಕ್ಕೆ ಕೂರಿಸಿ. ತೆಳು ಸಿಮೆಂಟನ್ನು ಕೀಲಿಗೆ ಸುರಿಯುವ ಅಗತ್ಯವಿಲ್ಲ. ಎರಡು ತುಂಡುಗಳನ್ನು ಕೂಡಿಸಿ ಹಿಡಿದು ಬ್ರಶ್ಶಿನ ತುದಿಯನ್ನು ಸಂದಿಗೆ ತಾಗಿಸಿದರೆ ಅದು ತಾನೇ ಒಳಗೆ ಹರಿದುಕೊಳ್ಳುತ್ತದೆ. ಹತ್ತಕ್ಕೆ ಎಣಿಸಿ, ಮೆಲ್ಲಗೆ ಒತ್ತಿದಾಗ ಸಂದಿಯಿಂದ ಕರಗಿದ ಪ್ಲಾಸ್ಟಿಕ್ಕಿನ ಸಣ್ಣ ಮಣಿಸಾಲು ಹೊರಬಂದರೆ ಬೆಸುಗೆ ಕೂತಿತು ಎಂದು ಅರ್ಥ. ಅದನ್ನು ಮುಟ್ಟದೆ ಮರುದಿನ ಸವರಿ.

ನಿಮ್ಮ ಏಳು ಸೈನಿಕರ ತೋಳುಗಳನ್ನು ಹೀಗೆ ಮತ್ತೆ ಬೆಸೆಯುವ ಮೊದಲು ಹಳೆಯ ಸೂಪರ್‌ಗ್ಲೂ ಪದರವನ್ನು ಕೆರೆದು ತೆಗೆಯಲೇಬೇಕು, ಇಲ್ಲವಾದರೆ ಸಿಮೆಂಟಿಗೆ ಪ್ಲಾಸ್ಟಿಕ್ ಸಿಗುವುದಿಲ್ಲ. ಮುಂದೆ ಲೋಹದ ಭಾರವಾದ ಗೊಂಬೆ ಕೊಂಡರೆ ಸೂಪರ್‌ಗ್ಲೂ ಒಂದನ್ನೇ ನಂಬದೆ, ಕೈಬೈರಿಗೆಯಿಂದ ಎರಡೂ ಬದಿಗೆ 1 ಮಿ.ಮೀ. ರಂಧ್ರ ಕೊರೆದು ಹಿತ್ತಾಳೆ ತಂತಿಯ ತುಂಡನ್ನು ಒಳಗಿಟ್ಟು ಜೋಡಿಸಿ. ಎರಡು ರಂಧ್ರಗಳು ಎದುರುಬದುರು ಬರುವಂತೆ ಮಾಡುವುದು ಹೊಸಬರಿಗೆ ಕಷ್ಟ. ಒಂದು ಬದಿಯ ರಂಧ್ರದ ಬಾಯಿಗೆ ಬಣ್ಣದ ಚುಕ್ಕೆ ಇಟ್ಟು ಇನ್ನೊಂದನ್ನು ಅದಕ್ಕೆ ಒತ್ತಿದರೆ ಎಲ್ಲಿ ಕೊರೆಯಬೇಕೆಂಬ ಗುರುತು ತಾನೇ ಬೀಳುತ್ತದೆ. ರೆಸಿನ್ ಎರಕವಾದರೆ ಅಚ್ಚಿನಿಂದ ಬಿಡಿಸಲು ಹಚ್ಚಿದ ಜಿಡ್ಡು ಮೈಮೇಲೆ ಉಳಿದಿರುತ್ತದೆ. ಪಾತ್ರೆ ತೊಳೆಯುವ ಸೋಪು ಹಾಕಿದ ಉಗುರುಬೆಚ್ಚನೆಯ ನೀರಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ತೊಳೆಯದಿದ್ದರೆ ಬಣ್ಣ ಸಿಪ್ಪೆಯಂತೆ ಎದ್ದುಬರುತ್ತದೆ. ರೆಸಿನ್ನನ್ನು ಉಜ್ಜುವುದಾದರೆ ನೀರು ಹಾಕಿಯೇ ಉಜ್ಜಿ, ಮುಖಕ್ಕೆ ಮಾಸ್ಕ್ ಇರಲಿ. ಆ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

ಮುಚ್ಚಿಹೋದ ಮುಖಗಳಿಗೆ ಎರಡು ಕಾರಣಗಳಿರಬಹುದು: ಪ್ರೈಮರ್ ದಪ್ಪವಾಗಿ ಕೂತಿರಬಹುದು, ಬಣ್ಣವನ್ನು ನೀರು ಬೆರೆಸದೆ ಶೀಶೆಯಿಂದ ನೇರವಾಗಿ ಹಚ್ಚಿರಬಹುದು. ನೀವು ಬರೆದಿರುವ ರೀತಿ ನೋಡಿದರೆ ನನಗೆ ಎರಡನೆಯದರ ಮೇಲೆಯೇ ಅನುಮಾನ. ಸ್ಪ್ರೇ ಪ್ರೈಮರನ್ನು 20ರಿಂದ 30 ಸೆಂ.ಮೀ. ದೂರದಿಂದ, ಗೊಂಬೆಯ ಆಚೆಯಿಂದ ಶುರುಮಾಡಿ ಈಚೆಗೆ ನಿಲ್ಲುವಂತೆ, ಚಿಕ್ಕ ಚಿಕ್ಕ ಬೀಸಿನಲ್ಲಿ ಹೊಡೆಯಬೇಕು. ದೂರ ಹೆಚ್ಚಾದರೆ ಅಥವಾ ಸೆಖೆ ಹೆಚ್ಚಿದ್ದರೆ ಹನಿಗಳು ಗಾಳಿಯಲ್ಲೇ ಒಣಗಿ ಮೈ ಮರಳುಕಾಗದದಂತಾಗುತ್ತದೆ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ದ್ರಾವಕ ಆವಿಯಾಗುವಾಗಿನ ತಂಪಿಗೆ ನೀರು ಕೂಡಿಕೊಂಡು ಬಿಳಿಚುತ್ತದೆ. ಮಳೆ ಹನಿಯುತ್ತಿದ್ದ ಒಂದು ಸಂಜೆ, ಮರುದಿನ ಆಟವಿದೆ ಎಂಬ ಆತುರದಲ್ಲಿ, ಇಪ್ಪತ್ತು ಅಶ್ವಾರೋಹಿಗಳಿಗೆ ಮ್ಯಾಟ್ ವಾರ್ನಿಷ್ ಹೊಡೆದು ಇಪ್ಪತ್ತು ಹಿಮದ ಬೊಂಬೆಗಳನ್ನು ಪಡೆದವನು ನಾನು. ಆ ದಿನಗಳಲ್ಲಿ ಬ್ರಶ್ಶಿನಿಂದ ಹಚ್ಚುವ ಪ್ರೈಮರ್ ನಿಧಾನವಾದರೂ ಕ್ಷೇಮ.

ಬಣ್ಣದ ಹದಕ್ಕೆ ನಾನು ಹೇಳುವ ಒರೆಗಲ್ಲು ಒಂದೇ: ಬ್ರಶ್ಶನ್ನು ಉಗುರಿನ ಮೇಲೆ ಎಳೆದಾಗ ಗೆರೆ ಹರಡದೆ ನಿಲ್ಲಬೇಕು, ಆದರೆ ಉಗುರು ಅದರೊಳಗಿಂದ ಮಸುಕಾಗಿ ಕಾಣುತ್ತಿರಬೇಕು. ಅಂಥ ಎರಡು ತೆಳು ಪದರ, ನಡುವೆ ಒಣಗಲು ಸಮಯ. ಹಳದಿ, ಕೆಂಪು ಮುಂತಾದವು ಕೆಳಗಿನದನ್ನು ಮುಚ್ಚುವುದರಲ್ಲಿ ಬಡವು. ಹಳದಿಯ ಕೆಳಗೆ ಕಾವಿಮಣ್ಣಿನ ಬಣ್ಣವೋ ತಿಳಿಗಂದೋ ಹಚ್ಚಿಕೊಂಡರೆ ನಾಲ್ಕು ಪದರದ ಕೆಲಸ ಎರಡರಲ್ಲಿ ಮುಗಿಯುತ್ತದೆ. ಮುಖಕ್ಕೆಂದು ಮೂರು ಸೊನ್ನೆಯ ಅತಿ ಸಣ್ಣ ಬ್ರಶ್ ಕೊಳ್ಳುವವರು ಬಹಳ. ಅದರ ಹೊಟ್ಟೆಯಲ್ಲಿ ಬಣ್ಣವೇ ನಿಲ್ಲುವುದಿಲ್ಲ, ಕಣ್ಣಿಗೆ ತಲುಪುವ ಹೊತ್ತಿಗೆ ತುದಿ ಒಣಗಿರುತ್ತದೆ. ಮೊನೆ ಚೆನ್ನಾಗಿ ಕೂಡುವ 1 ಅಥವಾ 2ನೇ ನಂಬರಿನ ಬ್ರಶ್ ಸಾಕು. ಬಣ್ಣ ಅದರ ಲೋಹದ ಕೊರಳಿನವರೆಗೆ ಏರದಂತೆ ನೋಡಿಕೊಂಡರೆ ವರ್ಷಗಟ್ಟಲೆ ಬಾಳುತ್ತದೆ. ಇನ್ನು ಕಣ್ಣಿನ ಪಾಪೆ ಬರೆಯುವ ಹಟ ಸದ್ಯಕ್ಕೆ ಬೇಡ. ಮುಖಕ್ಕೆ ಚರ್ಮದ ಬಣ್ಣ, ಒಣಗಿದ ಮೇಲೆ ಕಂದು ವಾಶ್, ಎಂದರೆ ನೀರಿನಂತೆ ತೆಳುವಾದ ಬಣ್ಣ. ಅದು ಕಣ್ಣಕುಳಿಗೂ ಮೂಗಿನ ಬದಿಗೂ ತಾನೇ ಇಳಿದು ನೆರಳಾಗುತ್ತದೆ. ಅರ್ಧ ಗಂಟೆ ಬಿಟ್ಟು ಮೂಗಿನ ತುದಿ, ಕೆನ್ನೆಯ ಮೂಳೆ, ಗದ್ದಕ್ಕೆ ಮೊದಲಿನ ಚರ್ಮದ ಬಣ್ಣವನ್ನೇ ಒಂದೊಂದು ಚುಕ್ಕೆ ಇಡಿ. ಮೇಜಿನ ದೂರದಿಂದ ಆ ಸೈನಿಕ ನಿಮ್ಮನ್ನು ದುರುಗುಟ್ಟಿ ನೋಡುತ್ತಾನೆ, ಕಣ್ಣು ಬರೆದಿಲ್ಲ ಎಂದು ಯಾರಿಗೂ ತಿಳಿಯುವುದಿಲ್ಲ.

ಈಗಾಗಲೇ ಮುಚ್ಚಿಹೋದ ಏಳು ಮುಖಗಳನ್ನು ಬಿಡಿಸಬಹುದು. ಅಕ್ರಿಲಿಕ್ ಬಣ್ಣವಾದರೆ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಕೆಲವು ಗಂಟೆ ನೆನೆಸಿ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿದರೆ ಪಾಲಿಸ್ಟೈರೀನ್‌ಗೆ ಧಕ್ಕೆಯಾಗದೆ ಬಣ್ಣ ಬಿಡುತ್ತದೆ. ಬೆಂಕಿ ಹತ್ತುವ ದ್ರವ, ಒಲೆ ದೀಪಗಳಿಂದ ದೂರವಿರಲಿ. ಉಗುರುಬಣ್ಣ ತೆಗೆಯುವ ಅಸಿಟೋನ್, ಬಣ್ಣದಂಗಡಿಯ ಥಿನ್ನರ್ ಎರಡೂ ಬೇಡ, ಬಣ್ಣದ ಜೊತೆ ಸೈನಿಕನೂ ಕರಗುತ್ತಾನೆ. ಆದರೂ ಏಳರಲ್ಲಿ ಒಬ್ಬನನ್ನು ಹಾಗೆಯೇ ಉಳಿಸಿಕೊಳ್ಳಿ ಎನ್ನುತ್ತೇನೆ. ನನ್ನ ಮೊದಲನೆಯವನು ಇನ್ನೂ ನನ್ನ ಕಪಾಟಿನಲ್ಲಿದ್ದಾನೆ, ಮುಖ ಹಪ್ಪಳದ ಹಿಟ್ಟಿನ ಉಂಡೆಯಂತಿದೆ.

ನೀವು ಕೇಳದಿದ್ದರೂ ಒಂದು ಮಾತನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ನಿಮ್ಮ ಪತ್ರದ ನಿಜವಾದ ತೊಂದರೆ ಅಂಟಿನದೂ ಅಲ್ಲ, ಬಣ್ಣದ್ದೂ ಅಲ್ಲ. ಮೂರು ಪೆಟ್ಟಿಗೆ ಕೊಂಡು ಏಳು ಸೈನಿಕರನ್ನು ಮಾಡಿದ್ದೀರಿ, ಈಗ ನಾಲ್ಕನೆಯದಾಗಿ ಯಂತ್ರವನ್ನೇ ಕೊಳ್ಳುವ ಯೋಚನೆ ಬಂದಿದೆ. ಕೊಳ್ಳುವುದೂ ಕಟ್ಟುವುದೂ ಒಂದೇ ಹವ್ಯಾಸದಂತೆ ಕಾಣುತ್ತವೆ; ವಾಸ್ತವದಲ್ಲಿ ಇವು ಎರಡು, ಒಂದು ಇನ್ನೊಂದರ ಸಮಯವನ್ನು ತಿನ್ನುತ್ತದೆ. ಲೆಕ್ಕ ಹಾಕಿ ನೋಡಿ: ಆಟಕ್ಕೆ ಸಾಕೆನ್ನುವ ಮಟ್ಟಕ್ಕೆ ಒಬ್ಬ ಸೈನಿಕನನ್ನು ಕತ್ತರಿಸಿ, ಬೆಸೆದು, ಬಣ್ಣ ಹಚ್ಚಿ, ತಳ ಮುಗಿಸಲು ನನಗೆ ಒಂದೂವರೆ ಗಂಟೆ ಬೇಕು. ಪೆಟ್ಟಿಗೆಗೆ ಮೂವತ್ತರಂತೆ ಎರಡು ತೆರೆಯದ ಪೆಟ್ಟಿಗೆಗಳಿಗೆ ಅರವತ್ತು ಸೈನಿಕರೆಂದರೆ ತೊಂಬತ್ತು ಗಂಟೆ. ವಾರಕ್ಕೆ ಮೂರು ಗಂಟೆ ಸಿಕ್ಕರೆ ಮೂವತ್ತು ವಾರ, ಅದೂ ಒಂದು ವಾರವೂ ತಪ್ಪದಿದ್ದರೆ. ಈ ಹವ್ಯಾಸದಲ್ಲಿ ಎಲ್ಲರ ಅಟ್ಟದ ಮೇಲೂ ತೆರೆಯದ ಪೆಟ್ಟಿಗೆಗಳ ರಾಶಿ ಇರುತ್ತದೆ, ನನ್ನಲ್ಲೂ ಇದೆ. ಅದರ ಬಗ್ಗೆ ನಾಚಿಕೆ ಬೇಡ, ಆದರೆ ಹೊಸ ಪೆಟ್ಟಿಗೆಯನ್ನು ಎತ್ತಿಕೊಂಡಾಗ ಅದರ ಬೆಲೆಯ ಪಕ್ಕದಲ್ಲಿ ಗಂಟೆಗಳನ್ನೂ ಬರೆದುಕೊಳ್ಳಿ.

ರಾಶಿ ಕರಗಿಸುವ ದಾರಿ ಐದೈದು ಸೈನಿಕರ ತಂಡ. ಐವರಿಗೂ ಒಂದೇ ಕೂರಿಕೆಯಲ್ಲಿ ಪ್ಯಾಂಟು, ಮುಂದಿನ ಕೂರಿಕೆಯಲ್ಲಿ ಐವರಿಗೂ ಕೋಟು. ಇಪ್ಪತ್ತರ ತಂಡ ಮಾಡಿದರೆ ಹದಿಮೂರನೆಯ ಬೆಲ್ಟಿನ ಹೊತ್ತಿಗೆ ಬೇಸರ ಬರುತ್ತದೆ. ಒಬ್ಬೊಬ್ಬರನ್ನೇ ಮಾಡಿದರೆ ದಳಕ್ಕೆ ಒಂದೇ ಛಾಯೆ ಬರುವುದಿಲ್ಲ. ತಳವನ್ನು ಮುಗಿಸುವವರೆಗೆ ಸೈನಿಕ ಮುಗಿದನೆಂದು ಎಣಿಸಬೇಡಿ. ಪಿವಿಎ ಅಂಟಿನ ಮೇಲೆ ಮರಳು, ಕಂದು ಬಣ್ಣ, ತಿಳಿಬಣ್ಣದ ಡ್ರೈಬ್ರಶ್, ಒಂದು ಚಿಟಿಕೆ ಕೃತಕ ಹುಲ್ಲು, ಅಂಚಿಗೆ ಒಂದೇ ಬಣ್ಣದ ಸುತ್ತು. ಸಾಧಾರಣವಾಗಿ ಬಣ್ಣ ಹಚ್ಚಿದ ದಳವೂ ತಳಗಳು ಒಂದೇ ರೀತಿ ಇದ್ದರೆ ಸೈನ್ಯದಂತೆ ಕಾಣುತ್ತದೆ. ಹತ್ತು ಹನ್ನೆರಡು ಸೈನಿಕರಿಂದ ಆಡಬಹುದಾದ ಚಕಮಕಿ ಆಟಗಳ ನಿಯಮಗಳು ಈಗ ಬೇಕಾದಷ್ಟಿವೆ. ಎರಡು ತಂಡ ಮುಗಿದ ಕೂಡಲೇ ಆಡಲು ಕೂರಿ. ಆಡಿದವರಿಗೆ ಮುಂದೆ ಯಾವ ದಳ ಬೇಕೆಂಬುದು ಗೊತ್ತಿರುತ್ತದೆ, ಆಡದವರಿಗೆ ಎಲ್ಲವೂ ಬೇಕು.

ಪ್ರಿಂಟರ್ ಸದ್ಯಕ್ಕೆ ಬೇಡ. ಅದರ ಗುಣದ ಬಗ್ಗೆ ತಕರಾರಿಲ್ಲ. 405 ನ್ಯಾನೋಮೀಟರ್ ಬೆಳಕಿನಿಂದ ದ್ರವ ರೆಸಿನ್ನನ್ನು ಪದರ ಪದರವಾಗಿ ಗಟ್ಟಿಮಾಡುವ ಇಂದಿನ ಯಂತ್ರಗಳು ಕೊಡುವ ನಾಜೂಕು ಕಾರ್ಖಾನೆಯ ಎರಕಕ್ಕೆ ಸಮ. ಆದರೆ ಗಟ್ಟಿಯಾಗದ ರೆಸಿನ್ ಚರ್ಮಕ್ಕೆ ತಾಗಬಾರದು: ನೈಟ್ರೈಲ್ ಕೈಗವಸು, ಗಾಳಿಯಾಡುವ ಪ್ರತ್ಯೇಕ ಜಾಗ, ಆಲ್ಕೊಹಾಲ್‌ನಲ್ಲಿ ತೊಳೆತ, ಮತ್ತೆ ಬೆಳಕಿನಲ್ಲಿ ಹದಮಾಡುವುದು, ತೊಳೆದ ದ್ರವದ ವಿಲೇವಾರಿ, ಇಷ್ಟೆಲ್ಲ ಸೇರಿ ಅದೇ ಒಂದು ಮೂರನೆಯ ಹವ್ಯಾಸ. ಒಬ್ಬ ಗೆಳೆಯರು ಒಳಗೆ ಟೊಳ್ಳಾಗಿ ಪ್ರಿಂಟ್ ಮಾಡಿದ ರಾಕ್ಷಸನೊಬ್ಬನನ್ನು ನನಗೆ ಕೊಟ್ಟಿದ್ದರು, ದ್ರವ ಇಳಿಯಲು ತಳದಲ್ಲಿ ರಂಧ್ರ ಬಿಟ್ಟಿರಲಿಲ್ಲ. ಎರಡು ವಾರಾಂತ್ಯ ಕೂತು ಬಣ್ಣ ಹಚ್ಚಿದೆ. ನಾಲ್ಕು ತಿಂಗಳ ಮೇಲೆ ಅವನ ಬೆನ್ನು ಸೀಳಿ, ಒಳಗೆ ಸಿಕ್ಕಿಬಿದ್ದಿದ್ದ ಹಸಿ ರೆಸಿನ್ ಕಪಾಟಿನ ಗಾಜಿನ ಮೇಲೆ ಅಂಟಂಟಾಗಿ ಇಳಿದಿತ್ತು. ಮುಂದೊಂದು ದಿನ ಯಂತ್ರ ಕೊಂಡರೆ ಟೊಳ್ಳು ಮಾದರಿಗೆ ಕೆಳಗೊಂದು ಮೇಲೊಂದು ಹೀಗೆ ಎರಡು ರಂಧ್ರ ಬಿಡಿ, ಒಳಭಾಗವನ್ನೂ ತೊಳೆಯಿರಿ. ಶಿಲ್ಪಿಗಳು ಮಾರುವ, ಪ್ರಿಂಟರ್‌ಗೆ ಕೊಡುವ ಕಂಪ್ಯೂಟರ್ ಮಾದರಿಯ ಫೈಲ್‌ಗಳನ್ನು ಕೊಂಡೇ ಬಳಸಿ. ಇನ್ನೊಬ್ಬರ ಗೊಂಬೆಯನ್ನು ಅಚ್ಚು ತೆಗೆದು ನಕಲು ಮಾಡಿ ಮಾರುವವರ ಬಳಿ ಹೋಗಬೇಡಿ.

ಕಡೆಯದಾಗಿ, ಮುಗಿದವರನ್ನು ಇಡುವ ಜಾಗ. ಸ್ಪಂಜಿನ ಗೂಡುಗಳು ಈಟಿ, ಖಡ್ಗಗಳ ಬಣ್ಣವನ್ನು ಉಜ್ಜಿಬಿಡುತ್ತವೆ. ತಳದ ಕೆಳಗೆ 5 ಮಿ.ಮೀ. ಅಗಲ, 1 ಮಿ.ಮೀ. ದಪ್ಪದ ನಿಯೊಡಿಮಿಯಮ್ ಅಯಸ್ಕಾಂತ ಅಂಟಿಸಿ, ಪ್ಲಾಸ್ಟಿಕ್ ಡಬ್ಬಿಯ ಅಡಿಗೆ ತೆಳು ಕಬ್ಬಿಣದ ತಗಡು ಹಾಕಿದರೆ ಡಬ್ಬಿ ಓರೆಯಾದರೂ ದಳ ಅಲುಗುವುದಿಲ್ಲ. ಆಯುಧ ಬದಲಿಸುವ ತೋಳುಗಳಿಗೂ ಇದೇ ಅಯಸ್ಕಾಂತ ಬಳಸುವವರು ಅಂಟಿಸುವ ಮೊದಲು ಮೇಲ್ಮುಖಕ್ಕೆ ಪೆನ್ನಿನ ಗುರುತು ಹಾಕಿಕೊಳ್ಳಬೇಕು. ತಿರುವುಮುರುವಾದರೆ ತೋಳು ಭುಜದ ಹತ್ತಿರ ಬರುತ್ತಿದ್ದಂತೆಯೇ ಮುನಿಸಿಕೊಂಡು ಮುಖ ತಿರುಗಿಸಿ ಹಾರಿಹೋಗುತ್ತದೆ. ಈ ಅಯಸ್ಕಾಂತಗಳನ್ನು ಮಕ್ಕಳು ನುಂಗಿದರೆ ಪ್ರಾಣಕ್ಕೇ ಅಪಾಯ, ಆದ್ದರಿಂದ ಉಳಿದವನ್ನು ಬೀಗ ಹಾಕಿಡಿ. ದೊಡ್ಡಪ್ಪನವರ ಹನ್ನೆರಡು ಮಂದಿಗೆ ಮಾತ್ರ ಅಂಟೂ ಬೇಡ, ಅಯಸ್ಕಾಂತವೂ ಬೇಡ. ಗಾಜಿನ ಕಪಾಟಿನ ಮೇಲಿನ ಹಂತದಲ್ಲಿ ಬೇರೆಯಾಗಿ ನಿಲ್ಲಿಸಿ, ಆರು ತಿಂಗಳಿಗೊಮ್ಮೆ ದೀಪ ಹಿಡಿದು ಬಿಳಿ ಮತ್ತೆ ಎದ್ದಿದೆಯೇ ಎಂದು ನೋಡಿ. ಎದ್ದವನನ್ನು ಉಳಿದವರಿಂದ ಬೇರ್ಪಡಿಸಿ, ಮೊದಲು ಹೇಳಿದ ಒದ್ದೆಬಟ್ಟೆಯ ಕ್ರಮವನ್ನೇ ಮತ್ತೆ ಮಾಡಿ. ಸಿಪಾಯಿಗಳು ಸಿಕ್ಕ ಮರದ ಪೆಟ್ಟಿಗೆಯನ್ನು ಪುಡಿಯಿಲ್ಲದಂತೆ ಒರೆಸಿ ನೆನಪಿಗೆ ಇಟ್ಟುಕೊಳ್ಳಿ, ಅದರೊಳಗೆ ಸೀಸದ ವಸ್ತು ಯಾವುದನ್ನೂ ಇಡಬೇಡಿ.